ಹೆಸರು ಹಿಡಿದು ಅತ್ತವಳು

ಮಾವ ತೀರಿಕೊಂಡ ಬೆಳಿಗ್ಗೆಯೇ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಒಳಗೆ ಎಡಮಗ್ಗುಲಿಗೆ, ಪರದೆಯ ಹಿಂದೆ ಅವರನ್ನು ಮಲಗಿಸಿದರು. ಹೆಂಗಸರು ಸೊಂಟಕ್ಕೆ ಕೈಯೂರಿ, ಗುಡಾರದ ಗೋಡೆಗೆ ಮುಖ ಮಾಡಿ ಕುಳಿತರು. ನಡುವೆ ಸೊಸೆ ಅನಾರ್‌ಕುಲ್‌ಗೆ ಜಾಗ ಬಿಟ್ಟರು. ಸತ್ತವರನ್ನು ಹಾಡಿ ಅಳುವುದೇ ಈಗ ಅವಳ ಕಸುಬಾಗಿತ್ತಲ್ಲ.

ಎರಡು ಚಳಿಗಾಲದ ಹಿಂದಿನವರೆಗೂ ಅವಳು ನಾರಿನ್ ಪಟ್ಟಣದ ಕಡೆಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ. ಇವಳ ಮಾವನ ಹೆಸರೋ ತೆಮಿರ್, ಅಂದರೆ ಅವರ ನುಡಿಯಲ್ಲಿ ಕಬ್ಬಿಣ. ಹಾಗಾಗಿ ಪಾಠದಲ್ಲಿ ಕಬ್ಬಿಣ ಬಂದಾಗಲೆಲ್ಲ ಅವಳು ರಷ್ಯನ್ ಪದದ ಮೊರೆಹೋಗುತ್ತಿದ್ದಳು, ಮಕ್ಕಳು ಮುಸಿಮುಸಿ ನಗುತ್ತಿದ್ದರು. ತವರಿನಲ್ಲಿ ತಾಯಿ ಸತ್ತ ದಿನ ಅವಳ ಬಾಯಿಂದ ತಾನಾಗಿ ಹಾಡು ಹೊರಟಿತು. ಕಲ್ಲಿನಂಥ ಗಂಡಸರೂ ಅತ್ತರು. ಆಮೇಲೆ ಅಕ್ಕಪಕ್ಕದ ಹಳ್ಳಿಗಳಿಂದ ಕರೆ ಬರತೊಡಗಿತು. ಒಂದು ದಿನ ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆದದ್ದನ್ನೇ ಬರೆಯುತ್ತ, ಇದರಲ್ಲಿ ನನ್ನದೆಂಬ ಒಂದು ಮಾತೂ ಇಲ್ಲವೆನಿಸಿತು. ಕೆಲಸ ಬಿಟ್ಟಳು.

ಗಂಡ ಮೆದೆರ್ ಜಗಳವಾಡಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದನ್ನಷ್ಟೇ ನಿಲ್ಲಿಸಿದ. ಅವನ ಅಕ್ಕ ಝೂರಾ ಮಾತ್ರ ಸುಮ್ಮನಿರಲಿಲ್ಲ. "ಅಲ್ಲಾ ತಾಯಿ, ಯಾರೂ ಸಾಯ್ಲಿಲ್ಲ ಅಂದ್ರೆ ಆ ತಿಂಗಳು ಏನ್ ಮಾಡ್ತೀಯ? ಎಲ್ರಿಗೂ ಕಾಯಿಲೆ ಬರ್ಲಿ ಅಂತ ಕೂತ್ಕೋತೀಯಾ?"

ಮಾವ ಒಬ್ಬರೇ ನಕ್ಕಿದ್ದರು. "ನಂಗೂ ನೀನೇ ಹಾಡ್ಬೇಕು ಮಗಳೇ. ಆದ್ರೆ ಸುಳ್ಳು ಹೇಳ್ಬೇಡ. ಗಿಡುಗ, ಬೆಟ್ಟ ಅಂತೆಲ್ಲ ಕರೀಬೇಡ. ನಾನು ಟ್ರ್ಯಾಕ್ಟರ್ ಓಡಿಸ್ದೋನು."

ಆ ಮಾತು ಅವಳಿಗೆ ಚುಚ್ಚಿತ್ತು. ಈಚೀಚೆಗೆ ಅವಳ ಹಾಡಿನ ಗಿಡುಗ, ಹಾಡಿನ ಬೆಟ್ಟ ಎಲ್ಲ ಹೆಣಗಳಿಗೂ ಒಂದೇ ಆಗಿದ್ದವು. ಕಣ್ಣೀರು ಕೂಡ ಹೇಳಿದ ಹೊತ್ತಿಗೆ ಬರುತ್ತಿತ್ತು. ಈ ಮನುಷ್ಯನಿಗೂ ನಿಜವಾಗಿ ಅಳಲಾಗದಿದ್ದರೆ ಶಾಲೆ ಬಿಟ್ಟು ಬಂದದ್ದಾದರೂ ಯಾಕೆ?

ಹೊರಗೆ ಮೊದಲ ನೆಂಟರು ಗೋಳಿಡುತ್ತ ಬಂದರು. ಒಳಗಿನಿಂದ ಹಾಡು ಎದ್ದು ಅವರನ್ನು ಎದುರುಗೊಳ್ಳಬೇಕು. ಅನಾರ್‌ಕುಲ್ ಉಸಿರೆಳೆದುಕೊಂಡಳು. ಪರರ ಮನೆಯಲ್ಲಾದರೆ ಮೊದಲ ಸಾಲಿಗೇ ಸತ್ತವರ ಹೆಸರು ಕೂರಿಸುವುದು ಅವಳ ರೂಢಿ. ನಾಲಿಗೆ ಆ ರೂಢಿಯ ದಾರಿಯನ್ನೇ ಹಿಡಿಯಿತು.

"ತೆಮಿರ್, ಹಾರಿಹೋದ ಗಿಡುಗವೇ, ಕುಸಿದ ಬೆಳ್ಳಿಬೆಟ್ಟವೇ..."

ಪಕ್ಕದ ಹೆಂಗಸರ ಅಳು ಗಕ್ಕನೆ ನಿಂತಿತು. ಹೊರಗಿನ ಗೋಳೂ ತಡವರಿಸಿತು. ಮೆದೆರ್ ಬಾಗಿಲ ಪರದೆ ಸರಿಸಿ ಅವಳನ್ನೊಮ್ಮೆ ನೋಡಿ ಪರದೆ ಬಿಟ್ಟ.

"ಬಾಡಿಗೆಯವಳು," ಎಂದಳು ಝೂರಾ, ಹಲ್ಲು ಕಚ್ಚಿ.

ಅದು ಬೈಗುಳವಾಗಿದ್ದರೆ ಸಹಿಸಬಹುದಿತ್ತು. ನಿಜವಾಗಿತ್ತು. ತನ್ನ ಮನೆಯ ಸಾವನ್ನು ಅವಳು ಯಾರದೋ ಮನೆಯ ಸಾವಿನಂತೆ ಹಾಡಿದ್ದಳು. ಬೇಡವೆಂದು ಅವರು ಕೇಳಿಕೊಂಡಿದ್ದ ಗಿಡುಗವನ್ನೂ ಬಿಟ್ಟಿರಲಿಲ್ಲ. ಅನಾರ್‌ಕುಲ್ ತಲೆ ತಗ್ಗಿಸಿದಳು.

ಆಗ ಗೋಡೆಯತ್ತ ಮುಖ ಮಾಡಿದ್ದ ಅತ್ತೆ, ತಿರುಗದೆಯೇ, ಮೆಲ್ಲಗೆ ಅಂದಳು: "ಇನ್ನೊಂದ್ಸಲ ಹೇಳು."

"ತಪ್ಪಾಯ್ತಮ್ಮಾ."

"ತಪ್ಪೇ. ಹೆಂಡ್ತಿಯಾಗಿ ನನ್ನ ಬಾಯಲ್ಲಿ ಆ ಹೆಸರು ಒಂದಿನಾನೂ ಬಂದಿಲ್ಲ. ಇವತ್ತು ಹೊತ್ಕೊಂಡ್ ಹೋಗ್ತಾರೆ. ಆಮೇಲೆ ಯಾರ್ ಕರೀತಾರೆ? ನೀನ್ ಹೇಳು, ನಾನ್ ಕೇಳ್ತೀನಿ."

ಹೊರಗೆ ಇನ್ನೊಂದು ಗುಂಪಿನ ಗೋಳು ಹತ್ತಿರವಾಯಿತು. ಝೂರಾ ಮೊಣಕೈಯಿಂದ ತಿವಿದಳು: "ಅಪ್ಪಾ ಅಂತ ಶುರು ಮಾಡು. ಇರೋ ಮಾನ ಉಳಿಸು."

ಮೊದಲ ಸಲದ್ದು ಬಾಯಿ ತಪ್ಪಿ ಬಂದದ್ದು. ಎರಡನೆಯದನ್ನು ಮೆದೆರ್ ಕ್ಷಮಿಸಲಾರ. ಅವಳು ಗಿಡುಗಕ್ಕಾಗಿ, ಬೆಟ್ಟಕ್ಕಾಗಿ ತಡಕಾಡಿದಳು, ಯಾವುದೂ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಡೀಸೆಲ್ ವಾಸನೆ. ಎಷ್ಟು ತೊಳೆದರೂ ಹೋಗದ ಆ ವಾಸನೆಯ ಕೈಯಿಂದಲೇ ಅವರು ರೊಟ್ಟಿ ಮುರಿದು, ಹೊಸ ಸೊಸೆಯ ಮುಂದೆ ದೊಡ್ಡ ತುಂಡು ಸರಿಸಿದ್ದರು.

"ತೆಮಿರ್," ಎಂದಳು. ರಾಗ ಹತ್ತಲಿಲ್ಲ. "ನೀನು ಕೊಟ್ಟ ರೊಟ್ಟಿಗೆ ಡೀಸೆಲ್ ವಾಸನೆ..." ಧ್ವನಿ ಒಡೆದು, ಗುಡಾರದ ಉಣ್ಣೆಯನ್ನೂ ದಾಟದೆ ಅಲ್ಲೇ ಉಳಿಯಿತು.

ಅತ್ತೆಯ ತುಟಿಗಳು ಸದ್ದಿಲ್ಲದೆ ಆ ಹೆಸರಿನ ಆಕಾರ ತಾಳಿದವು.

ಹೊರಗೆ, ಒಳಗಿನ ಹಾಡಿಗಾಗಿ ಕಾಯುತ್ತ ನಿಂತಿದ್ದ ಗಂಡಸರಲ್ಲಿ ಯಾರೋ ಮೆದೆರ್‌ನನ್ನು ಕೇಳುತ್ತಿದ್ದರು, ನಿನ್ನ ಹೆಂಡತಿ ಹಾಡುವವಳಲ್ಲವೇ, ಯಾಕೆ ಸುಮ್ಮನಾದಳು ಎಂದು. ಅವನ ಉತ್ತರ ಒಳಗೆ ಕೇಳಿಸಲಿಲ್ಲ.