ಕೆಂಪು ಟೇಪು

ನನಗೆ ಮೊದಲಿನಿಂದಲೂ ಅಂಟು ಕಂಡರೆ ಆಗುವುದಿಲ್ಲ. ಹೊಸ ಡಬ್ಬಿಯ ಮೇಲಿನ ಚೀಟಿಯನ್ನೂ ಉಗುರಿನಿಂದ ಕೆರೆದು ತೆಗೆಯುವವಳು ನಾನು. ಬಾಳೂರಿನ ನಮ್ಮ ಮನೆಯಲ್ಲಿ ಇದಕ್ಕಾಗಿ ಎಲ್ಲರೂ ನನ್ನನ್ನು ಗೇಲಿ ಮಾಡುತ್ತಿದ್ದರು. ಈಗ ಗೇಲಿ ಮಾಡುವಷ್ಟು ಉತ್ಸಾಹ ಯಾರಲ್ಲೂ ಉಳಿದಿಲ್ಲ.

ನಮ್ಮನೆಯವರಿಗೆ, ಅಂದರೆ ವಿಘ್ನೇಶ ಅವರಿಗೆ, ರಿಮೋಟ್ ವಿಮಾನದ ಹುಚ್ಚು. ಥರ್ಮೋಕೋಲಿನಲ್ಲಿ ತಾವೇ ಮಾಡಿ ಕಾಫಿ ಒಣಗಿಸುವ ಕಣದಲ್ಲಿ ಹಾರಿಸುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅದು ನಮ್ಮ ಒಂಬತ್ತು ವರ್ಷದ ಪಂಚಮಿಯ ಕಿವಿ ಸವರಿಕೊಂಡು ಹೋಯಿತು. ಅಂದು ನಾನು ಆಡಿದ ಮಾತು ಅಷ್ಟಿಷ್ಟಲ್ಲ. "ಕಂಪ್ಯೂಟರಲ್ಲಿ ಕೈ ಪಳಗಿಸ್ಕೊಂಡೇ ಇನ್ನು ಹಾರಿಸೋದು, ಆಯ್ತಾ," ಎಂದು ಇವರು ಮಗಳ ತಲೆ ಮುಟ್ಟಿ ಹೇಳಿದರು.

ಹಾರಾಟ ಕಲಿಸುವ ಆ ಪ್ರೋಗ್ರಾಮು ನಮ್ಮ ಕಂಪ್ಯೂಟರಿಗೆ ಹೊಂದುವಂಥದ್ದಲ್ಲ. ನಮ್ಮದು ಯಾವುದೋ ಎಸ್ಟೇಟ್ ಆಫೀಸಿನಲ್ಲಿ ಬೇಡವೆಂದು ಬಿಟ್ಟ ಹಳೇ ಪೆಟ್ಟಿಗೆ. ಅದನ್ನು ನಡೆಸಲು ಇವರು ಪುಕ್ಕಟೆ ಸಿಗುವ ಲಿನಕ್ಸ್ ಎಂಬುದನ್ನು ಹಾಕಿಕೊಂಡಿದ್ದರು. ಲಿನಕ್ಸಿನಲ್ಲಿ ಇದು ನಡೆಯುವುದಿಲ್ಲ ಎಂದು ಪ್ರೋಗ್ರಾಮಿನವರು ಬರೆದೇ ಇದ್ದರು. ಇವರು ಕೇಳುವ ಪೈಕಿಯೇ? ಹದಿನೈದು ದಿನ ಗುದ್ದಾಡಿ ಓಡಿಸಿದರು. ಒಂದೇ ಎಡವಟ್ಟು: ವಿಮಾನದ ರಿಮೋಟನ್ನೇ ಕಂಪ್ಯೂಟರಿಗೆ ಜೋಡಿಸಿ ಅದರ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಪರದೆಯ ವಿಮಾನ ಎಡಕ್ಕೆ ವಾಲುತ್ತಿತ್ತು. ಏನು ಮಾಡಿದರೂ ಸರಿಹೋಗದೆ, ಕೊನೆಗೆ ರಿಮೋಟಿನ ತಳದಲ್ಲಿದ್ದ, ಎಡ-ಬಲ ಅದಲುಬದಲು ಮಾಡುವ ಪುಟ್ಟ ಸ್ವಿಚ್ಚನ್ನೇ ಉಲ್ಟಾ ಮಾಡಿ, ಅದರ ಮೇಲೆ ಕೆಂಪು ಟೇಪು ಅಂಟಿಸಿದರು.

"ಈ ಟೇಪ್ ಇರೋ ತನಕ ನಿಜವಾದ ವಿಮಾನ ಹಾರಿಸೋ ಹಾಗಿಲ್ಲ. ಸ್ವಿಚ್ ವಾಪಸ್ ತಿರುಗಿಸಿದ ಮೇಲೇ ಟೇಪ್ ಕೀಳೋದು. ಕೇಳಿಸ್ತಾ?" ಎಂದರು.

ನಾನು ದೋಸೆ ಹುಯ್ಯುತ್ತಿದ್ದೆ. ಹೂಂ ಎಂದೆ.

ಆಯುಧಪೂಜೆಯ ಬೆಳಿಗ್ಗೆ ನಾನೂ ಪಂಚಮಿಯೂ ಸಾಮಾನನ್ನೆಲ್ಲ ಒರೆಸಲು ಕುಳಿತೆವು. ಕೋವಿ, ಕತ್ತಿ, ಕಳೆ ಹೊಡೆಯುವ ಮಿಷನ್ನು, ವಿಮಾನ, ರಿಮೋಟು. ರಿಮೋಟಿನ ತಳದಲ್ಲಿ ಧೂಳು ಹಿಡಿದು ಮೂಲೆ ಎದ್ದ ಟೇಪೊಂದು ಕೈಗೆ ತಾಗಿತು. ಅವರು ಹೇಳಿದ್ದು ನನಗೆ ನೆನಪೇ ಆಗಲಿಲ್ಲ. ಕಿತ್ತು, ಕೊಬ್ಬರಿ ಎಣ್ಣೆ ಹಚ್ಚಿ, ಅಂಟು ಪೂರ್ತಿ ಹೋಗುವವರೆಗೆ ಉಜ್ಜಿದೆ. ಮಗಳು ಬಟ್ಟೆ ಹಿಡಿದು ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

ಪೂಜೆಗಿಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆ ಇಳಿಸುವವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಇಳಿಸಿದ ಮೇಲೆ ಪ್ರತಿಯೊಂದರಿಂದಲೂ ಒಂದಿಷ್ಟು ಕೆಲಸ ಮಾಡಿಸಲೇಬೇಕು. ಪುಸ್ತಕವಾದರೆ ಒಂದು ಪುಟ ಓದಬೇಕು, ಕತ್ತಿಯಾದರೆ ಒಂದು ಕೊಂಬೆ ಕಡಿಯಬೇಕು. ವಿಮಾನವೂ ಹಾರಬೇಕಾಯಿತು. ಅಂದು ಸೋಮವಾರ, ಏಳೂವರೆಗೆ ರಾಹುಕಾಲ.

"ಏಳು ಇಪ್ಪತ್ತಾಯ್ತು ಮಾರಾಯ, ಒಂದು ಸುತ್ತು ಹಾರಿಸಿ ಮುಗ್ಸು," ಎಂದು ಮಾವ ಕೃಷ್ಣಯ್ಯನವರು ಕಣದ ಅಂಚಿನಿಂದ ಅವಸರ ಮಾಡಿದರು. ಪಂಚಮಿ ವಿಮಾನದ ರೆಕ್ಕೆಗೆ ಕುಂಕುಮ ಹಚ್ಚಿ, ಆರತಿ ತಟ್ಟೆ ಹಿಡಿದು ಎಡಗಡೆ ನಿಂತಳು.

ಹಾರಿಸುವ ಮೊದಲು ಕಡ್ಡಿ ಅಲ್ಲಾಡಿಸಿ, ರೆಕ್ಕೆ ಸರಿಯಾಗಿ ಆಡುತ್ತದೆಯೇ ಎಂದು ನೋಡುವುದು ಇವರ ಕ್ರಮ. ಅಂದು ರಿಮೋಟನ್ನು ಬೋರಲು ತಿರುಗಿಸಿ ನೋಡಿದರು, ಅಷ್ಟೇ.

"ಟೇಪಿಲ್ಲ. ಸ್ವಿಚ್ ತಿರುಗಿಸಿಟ್ಟಿದ್ದೆ ಕಾಣ್ತದೆ," ಎಂದರು.

ನನ್ನ ಬೆರಳ ತುದಿಗೆ ಆ ಅಂಟು ನೆನಪಾಯಿತು. ಹಬ್ಬದ ದಿನ, ಮಾವನ ಎದುರು ಎಲ್ಲಿ ಬೈಸಿಕೊಳ್ಳುವುದು ಎಂದು ಒಂದು ಗಳಿಗೆ ತಡೆದೆ. "ರೀ" ಎನ್ನುವಷ್ಟರಲ್ಲಿ ವಿಮಾನ ನೆಲ ಬಿಟ್ಟಿತ್ತು.

ಅದು ಎದ್ದದ್ದೇ ತುಸು ಎಡಕ್ಕೆ ವಾಲಿತು. ಮಗಳಿಂದ ದೂರ ಒಯ್ಯಲು ಇವರು ಕಡ್ಡಿಯನ್ನು ಬಲಕ್ಕೆ ತಳ್ಳಿದರು. ಅದು ಇನ್ನಷ್ಟು ಎಡಕ್ಕೆ ಬಂತು. ಹೆದರಿ ಪೂರ್ತಿ ಬಲಕ್ಕೆ ತಳ್ಳಿದರು. ಆರತಿ ತಟ್ಟೆ ಕಣದ ಸಿಮೆಂಟಿನ ಮೇಲೆ ಉರುಳಿದ ಸದ್ದು ನನಗೆ ಈಗಲೂ ಕೇಳುತ್ತದೆ.

ಪಂಚಮಿಯ ಎಡಗಣ್ಣು ಉಳಿಯಲಿಲ್ಲ ಎಂದು ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಇವರು ಮಗಳ ಮಂಚದ ಅಂಚಿಗೆ ತಲೆ ಒತ್ತಿಕೊಂಡು ಅಳುತ್ತಿದ್ದರು.

"ಟೇಪ್ ಕಿತ್ತಿದ್ದೆ, ಸ್ವಿಚ್ ತಿರುಗಿಸೋಕೆ ಮರ್ತಿದ್ದೆ. ನನ್ನ ಕೈಯಾರೆ ಮಾಡ್ದೆ ಮಗಾ."

ಟೇಪು ಕಿತ್ತವಳು ನಾನೆಂದು ಹೇಳಿಬಿಡಲು ಬಾಯಿ ತೆರೆದೆ. ಹೊದಿಕೆಯ ಕೆಳಗೆ ಪಂಚಮಿಯ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಬ್ಯಾಂಡೇಜಿನ ಪಕ್ಕದಲ್ಲಿ ಉಳಿದಿದ್ದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅವಳು ನಿಧಾನವಾಗಿ, ಬೇಡ ಎಂಬಂತೆ ತಲೆಯಾಡಿಸಿದಳು. ನಾನು ಬಾಯಿ ಮುಚ್ಚಿಕೊಂಡೆ.