ಮುಖ ತೋರಿಸದ ದೊಡ್ಡಕ್ಕ

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ದೊಡ್ಡಕ್ಕನಿಗೆ ಗೊತ್ತಿಲ್ಲದ ಲಿಫ್ಟೇ ಇರಲಿಲ್ಲ. ಹತ್ತೊಂಬತ್ತು ವರ್ಷ ದೂರು ವಿಭಾಗದಲ್ಲಿ ಕೂತು, ಯಾವ ಕಟ್ಟಡದ್ದು ನಾಲ್ಕನೇ ಮಹಡಿಗೆ ಬಂದರೆ ಮುನಿಸಿಕೊಳ್ಳುತ್ತದೆ, ಯಾವುದರ ಬಾಗಿಲಿಗೆ ಒಂದು ಗುದ್ದು ಕೊಟ್ಟರೆ ಸಾಕು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಪಕ್ಕದ ಮೇಜಿನಲ್ಲಿ ಕೂತು ಮೆಕ್ಯಾನಿಕ್‌ಗಳಿಗೆ ಪಾಳಿ ಹಾಕುತ್ತಿದ್ದವಳು ಪುಟ್ಟಿ. ವಯಸ್ಸು ಮೂವತ್ತೆಂಟು, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಆದರೂ ಕೆಲಸ ಕಲಿಸಿದ ದೊಡ್ಡಕ್ಕ ಇಟ್ಟ ಹೆಸರು ಅಳಿಸಿಹೋಗಿರಲಿಲ್ಲ.

ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಎಂದು ಕಂಪನಿ ನಿಯಮ ಮಾಡಿದಾಗ ಅದರ ಬಾಲವಾಗಿ ಶಿಷ್ಟಾಚಾರದ ಒಂದು ಪಟ್ಟಿಯೂ ಬಂತು. ಮೀಟಿಂಗಿಗೆ ಸಮಯಕ್ಕೆ ಸರಿಯಾಗಿ ಸೇರಬೇಕು, ಮಾತಾಡದಿದ್ದಾಗ ಮೈಕ್ ಆಫ್ ಇರಬೇಕು, ಕ್ಯಾಮೆರಾ ಮಾತ್ರ ಆನ್ ಇರಲೇಬೇಕು.

ಆರು ವಾರದಿಂದ ದೊಡ್ಡಕ್ಕ ಆಫೀಸಿಗೆ ಬಂದಿರಲಿಲ್ಲ. ಮಂಡಿನೋವು, ಐದೂ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಅನುಮತಿ ಪಡೆದಿದ್ದಳು. ಮೀಟಿಂಗಿನಲ್ಲಿ ಅವಳ ಚೌಕ ಯಾವಾಗಲೂ ಕಪ್ಪಾಗಿರುತ್ತಿತ್ತು. ಅದರೊಳಗಿಂದ ದನಿಯಷ್ಟೇ ಬರುತ್ತಿತ್ತು.

ನಿಜ ಗೊತ್ತಿದ್ದದ್ದು ಪುಟ್ಟಿಗೊಬ್ಬಳಿಗೇ. ಒಂದು ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಕ್ಕನ ಮುಖದ ಎಡಭಾಗ ಜೋತುಬಿದ್ದಿತ್ತು. ಆ ಕಣ್ಣು ಮುಚ್ಚುತ್ತಿರಲಿಲ್ಲ, ಕುಡಿದ ನೀರು ಬಾಯಿಯ ಅಂಚಿನಿಂದ ಸೋರುತ್ತಿತ್ತು. ನರದ ತೊಂದರೆ, ಕೆಲವು ತಿಂಗಳಲ್ಲಿ ಸರಿಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ನೋಡಲು ಹೋದ ಪುಟ್ಟಿಯ ಕೈಹಿಡಿದು ದೊಡ್ಡಕ್ಕ, "ಯಾರಿಗೂ ಹೇಳಬೇಡ ಕಣೇ. ಜನ ಅಯ್ಯೋ ಪಾಪ ಅನ್ನೋಕೆ ಶುರುಮಾಡಿದರೆ ನನ್ನ ಕೈಲಿ ಕೆಲಸ ಮಾಡೋಕಾಗಲ್ಲ" ಎಂದು ಆಣೆ ಹಾಕಿಸಿಕೊಂಡಿದ್ದಳು.

ಆ ಸೋಮವಾರ ಪುಟ್ಟಿ ಮನೆಯಿಂದ ಮೀಟಿಂಗಿನಲ್ಲಿದ್ದಳು. ಕೊನೆ ಕೊನೆಗೆ ಅಡುಗೆಮನೆಯಿಂದ ಅತ್ತೆ ಕೂಗಿದರು. ನಲ್ಲಿಯ ತಿರುಪು ಅವರ ಕೈಗೇ ಕಿತ್ತುಬಂದು ನೀರು ಚಿಮ್ಮುತ್ತಿತ್ತು. ಪುಟ್ಟಿ ಕ್ಯಾಮೆರಾ ಆಫ್ ಮಾಡಿ ಓಡಿದಳು. ನೀರು ನಿಲ್ಲಿಸಿ, ಅತ್ತೆಗೆ ಒಣ ಸೀರೆ ಕೊಟ್ಟು, ಸ್ಪ್ಯಾನರ್ ಹಿಡಿದುಕೊಂಡೇ ವಾಪಸು ಬಂದರೆ ಮೀಟಿಂಗ್ ಮುಗಿದಿತ್ತು, ಕರೆ ಮುಗಿದಿರಲಿಲ್ಲ. ಆಫೀಸಿನ ಕೋಣೆಯಲ್ಲಿ ಮ್ಯಾನೇಜರು ಮತ್ತು ಸಿಬ್ಬಂದಿ ವಿಭಾಗದ ಮೇಡಂ ಇಬ್ಬರೇ ಉಳಿದಿದ್ದರು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಅವತ್ತು ಆ ಗೋಡೆಯ ಪರದೆಯಲ್ಲಿ ಕಿವಿಯಾಗಿ ಉಳಿದವಳು ಪುಟ್ಟಿ.

ಮಾತು ದೊಡ್ಡಕ್ಕನದೇ. ಆಕೆ ಇನ್ನೊಂದು ಕಡೆಯೂ ಕೆಲಸ ಮಾಡುತ್ತಿರಬೇಕು, ಅದಕ್ಕೇ ಮುಖ ತೋರಿಸುವುದಿಲ್ಲ ಎಂಬುದು ಮೇಡಂ ಅನುಮಾನ. ಹಾಗಾದರೆ ತಿಂಗಳ ಕೊನೆಗೆ ಕೆಲಸ ಬಿಡಿಸಿಬಿಡೋಣ ಎಂದರು ಮ್ಯಾನೇಜರು.

ಮರ್ಯಾದಸ್ಥಳಾಗಿದ್ದರೆ ಸದ್ದಿಲ್ಲದೆ ಹೊರಗೆ ಹೋಗಬೇಕಿತ್ತು. ಪುಟ್ಟಿಯ ಬೆರಳು ಮೈಕ್ ಒತ್ತಿತು.

"ಸಾರ್, ಹಾಗಲ್ಲ. ಅವರಿಗೆ ಬೇರೆ ಕಾರಣ ಇದೆ."

ಇಬ್ಬರೂ ಬೆಚ್ಚಿ ಗೋಡೆಯತ್ತ ತಿರುಗಿದರು. ನೀವು ಇನ್ನೂ ಇದ್ದೀರಾ ಎಂದು ಕೇಳಿದ ಮ್ಯಾನೇಜರು, "ಏನು ಕಾರಣ, ಹೇಳಿ" ಎಂದರು.

ಪುಟ್ಟಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. "ಅವರನ್ನೇ ಕೇಳಿ ಸಾರ್."

"ನಾಲ್ಕು ಸಲ ಕೇಳಿದ್ದೀವಿ. ಮಂಡಿನೋವು ಅಂತಾರೆ. ಮಂಡಿಗೂ ಮುಖಕ್ಕೂ ಏನಮ್ಮ ಸಂಬಂಧ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ಹೊರಬರುವಷ್ಟರಲ್ಲಿ, ಅಥವಾ ಬರದೆ ಉಳಿಯುವಷ್ಟರಲ್ಲಿ, ಕರೆ ಕಡಿದುಹೋಯಿತು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಹೊಸ ಸೂಚನೆ ಬಂತು: ಮೀಟಿಂಗ್ ಮುಗಿದ ಮೇಲೆ ಕರೆಯಲ್ಲಿ ಉಳಿಯುವುದು ಅಶಿಸ್ತು. ಪುಟ್ಟಿಗೆ ಬೇರೆಯಾಗಿ ಎಚ್ಚರಿಕೆ ಪತ್ರವೂ ಬಂತು.

ಅವಳು ದೊಡ್ಡಕ್ಕನಿಗೆ ಫೋನ್ ಮಾಡಿ ಕೇಳಿದ್ದನ್ನೆಲ್ಲ ಒಪ್ಪಿಸಿದಳು. ಡಾಕ್ಟರ ಚೀಟಿ ಕಳಿಸಿಬಿಡಿ ದೊಡ್ಡಕ್ಕ, ಮ್ಯಾನೇಜರು ಕೆಟ್ಟವರಲ್ಲ ಎಂದು ಬೇಡಿಕೊಂಡಳು. ದೊಡ್ಡಕ್ಕ ಬೈಯಲಿಲ್ಲ.

"ಕಾರಣ ಇದೆ ಅಂದೆಯಲ್ಲ, ಅಲ್ಲಿಗೆ ಅರ್ಧ ಹೇಳಿದ ಹಾಗಾಯ್ತು," ಎಂದಳು. "ಇನ್ನರ್ಧ ನಾನೇ ತೋರಿಸ್ತೀನಿ ಬಿಡು."

ಮರುದಿನ ಪುಟ್ಟಿ ಆಫೀಸಿನ ಕೋಣೆಯಲ್ಲಿದ್ದಳು. ಇನ್ನು ಮೇಲೆ ಕ್ಯಾಮೆರಾ ಹಾಕದವರನ್ನು ಗೈರುಹಾಜರು ಎಂದೇ ಲೆಕ್ಕ ಹಿಡಿಯಲಾಗುವುದು ಎಂದು ಮ್ಯಾನೇಜರು ಓದಿ ಮುಗಿಸಿದ್ದರಷ್ಟೆ, ಕಪ್ಪು ಚೌಕ ಬೆಳಗಿತು. ಗೋಡೆಯಗಲದ ಪರದೆಯ ಮೇಲೆ ದೊಡ್ಡಕ್ಕನ ಮುಖ, ಅರ್ಧ ಅವಳದು, ಅರ್ಧ ಯಾರದೋ ಎಂಬಂತಿತ್ತು. ತಲೆ ಬಾಚಿ, ಕಿವಿಗೆ ಓಲೆ ಹಾಕಿಕೊಂಡು ಕೂತಿದ್ದಳು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ದೊಡ್ಡಕ್ಕ ಮಾತ್ರ ಎಂದಿನಂತೆ, ಆಸ್ಪತ್ರೆ ಕಟ್ಟಡದ ಎರಡನೇ ಲಿಫ್ಟಿನ ಹಗ್ಗ ಈ ವಾರವೇ ಬದಲಾಯಿಸಬೇಕು ಎಂದು ವರದಿ ಕೊಟ್ಟಳು. ಪುಟ್ಟಿ ತಲೆ ಎತ್ತಲಿಲ್ಲ.

ಕೆಲಸದಿಂದ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಆಮೇಲೆ ಶುರುವಾದದ್ದು ಕರುಣೆ. ಮ್ಯಾನೇಜರು ಅವಳೊಡನೆ ಕಿವುಡರೊಡನೆ ಮಾತಾಡುವವರಂತೆ ನಿಧಾನವಾಗಿ, ಗಟ್ಟಿಯಾಗಿ ಮಾತಾಡತೊಡಗಿದರು. ನೀವು ಕ್ಯಾಮೆರಾ ಹಾಕದಿದ್ದರೂ ನಡೆಯುತ್ತದೆ ಎಂದರು. ಗ್ರಾಹಕರಿಗೆ ಮಾತು ಸ್ಪಷ್ಟವಾಗದಿದ್ದರೆ ಕಷ್ಟ ಎಂದು ದೂರಿನ ಫೋನನ್ನು ಪುಟ್ಟಿಗೆ ಕೊಟ್ಟರು. ವಿಶ್ರಾಂತಿ ತೊಗೊಳ್ಳಿ, ವಿಶ್ರಾಂತಿ ತೊಗೊಳ್ಳಿ ಎಂದು ಎಲ್ಲರೂ ಸೇರಿ ಒಂದೊಂದಾಗಿ ಕೆಲಸ ಕಿತ್ತುಕೊಂಡರು. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಒಳ್ಳೆಯದನ್ನೇ ಮಾಡುತ್ತಿದ್ದರು. ಬೇಡ ಸಾರ್, ಆ ಕೆಲಸ ಅವರದೇ ಎಂದು ಪುಟ್ಟಿ ಎರಡು ಸಲ ಹೇಳಿನೋಡಿದಳು. ನಿಮ್ಮದು ದೊಡ್ಡ ಮನಸ್ಸು ಎಂದು ಮ್ಯಾನೇಜರು ಹೊಗಳಿದರು.

ಮೂರನೇ ವಾರ ದೊಡ್ಡಕ್ಕ ಎರಡು ಸಾಲಿನ ರಾಜೀನಾಮೆ ಕಳಿಸಿದಳು. ಪುಟ್ಟಿ ಮಾಡಿದ ಫೋನ್‌ಗಳಿಗೆ ಉತ್ತರ ಬರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದೊಡ್ಡಕ್ಕ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಮುಖ ಬಹುಪಾಲು ಸರಿಹೋಗಿತ್ತು, ನಕ್ಕಾಗ ಮಾತ್ರ ಒಂದು ಕಡೆ ಕೊಂಚ ತಡವಾಗಿ ಅರಳುತ್ತಿತ್ತು. ಕೆಲಸ ವಾಪಸು ಸಿಗುತ್ತದಾ ಎಂದು ಕೇಳಲು ಬಂದಿದ್ದಳು. ಮ್ಯಾನೇಜರು ನಿಜಕ್ಕೂ ನೊಂದುಕೊಂಡು, ಆ ಹುದ್ದೆಯನ್ನೇ ತೆಗೆದುಹಾಕಿದ್ದಾರೆ, ಪುಟ್ಟಿಯೇ ಎರಡೂ ನಿಭಾಯಿಸುತ್ತಿದ್ದಾಳೆ ಎಂದರು. ದೊಡ್ಡಕ್ಕ ತಲೆಯಾಡಿಸಿದಳು. ಹೋಗುವ ಮುನ್ನ ಪುಟ್ಟಿಯ ಮೇಜಿನ ಹತ್ತಿರ ಬಂದು ನಿಂತಳು. ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ದೂರಿನ ಫೋನ್ ಹೊಡೆದುಕೊಂಡಿತು.

"ಎತ್ತು," ಎಂದಳು ದೊಡ್ಡಕ್ಕ. "ಪಾಪ, ಯಾರೋ ಒಳಗೆ ಸಿಕ್ಕಿಹಾಕಿಕೊಂಡಿರ್ತಾರೆ."

ಪುಟ್ಟಿ ಎತ್ತಿದಳು. ವಿಳಾಸ ಬರೆದುಕೊಂಡು ತಲೆ ಎತ್ತುವಷ್ಟರಲ್ಲಿ ದೊಡ್ಡಕ್ಕ ಮೆಟ್ಟಿಲು ಇಳಿಯುತ್ತಿದ್ದಳು.