ತಮ್ಮನೊಬ್ಬನಿಗೇ ಕೊಟ್ಟ ವಿಳಾಸ

ಇಮೇಲ್ ವಿಳಾಸ ಕೇಳಿದವರಿಗೆ ಕನ್ನಡಕದಂಗಡಿಯ ಅಕ್ಕ ತಟ್ಟನೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಮೊದಲು ತಮ್ಮ ಕನ್ನಡಕವನ್ನು ಹಣೆಗೇರಿಸಿ, ಕೇಳಿದವರ ಮುಖವನ್ನು ಬರಿಗಣ್ಣಿನಲ್ಲಿ ಒಮ್ಮೆ ಅಳೆದು, "ಯಾಕೆ ಬೇಕು?" ಎಂದು ನಗುತ್ತಲೇ ವಿಚಾರಿಸುತ್ತಾರೆ; ಆಮೇಲೆ ಫೋನಿನಲ್ಲಿ ಏನನ್ನೋ ಒತ್ತಿ, ಆ ಗಳಿಗೆಯಲ್ಲೇ ಹುಟ್ಟಿದ ಹೊಸ ವಿಳಾಸವೊಂದನ್ನು ಅಕ್ಷರ ಬಿಡಿಸಿ ಹೇಳುತ್ತಾರೆ.

ಅಂಥವು ಅವರ ಬಳಿ ನೂರಕ್ಕೂ ಮಿಕ್ಕಿವೆ. ಚಪ್ಪಲಿ ಅಂಗಡಿಗೊಂದು, ಹಲ್ಲಿನ ಡಾಕ್ಟರಿಗೊಂದು, ಗ್ಯಾಸಿನವರಿಗೊಂದು. ಯಾವುದಕ್ಕೆ ಬರೆದರೂ ಪತ್ರ ಅವರ ನಿಜವಾದ ಪೆಟ್ಟಿಗೆಗೇ ಬಂದು ಬೀಳುತ್ತದೆ, ಆ ಪೆಟ್ಟಿಗೆಯ ಗುಟ್ಟು ಮಾತ್ರ ಬರೆದವರಿಗೆ ತಿಳಿಯದು. ಬೇಡದ ಜಾಹೀರಾತು ಬಂತೆಂದರೆ ಆ ಒಂದು ವಿಳಾಸವನ್ನು ಮುಚ್ಚಿಬಿಡುತ್ತಾರೆ. ಎರಡನೆಯದಕ್ಕೆ ಕಾಯುವ ಜಾಯಮಾನ ಅವರದಲ್ಲ. ಚಪ್ಪಲಿ ಅಂಗಡಿಯವರಿಗೆ ಕೊಟ್ಟ ವಿಳಾಸಕ್ಕೆ ಯಾರೋ ಸೋಫಾ ಮಾರಲು ಬಂದಾಗ ನೇರ ಆ ಅಂಗಡಿಗೇ ಹೋಗಿ ನಿಂತರಂತೆ. "ನಾವು ಯಾರಿಗೂ ಕೊಟ್ಟಿಲ್ಲ ಮೇಡಂ" ಎಂದು ಆಣೆ ಮಾಡಿದವನಿಗೆ, "ನಿಮ್ಮನ್ನ ಬಿಟ್ರೆ ಇದು ಯಾರಿಗೂ ಗೊತ್ತೇ ಇಲ್ವಲ್ಲಪ್ಪ" ಎಂದು ಫೋನು ತೋರಿಸಿದರಂತೆ. ಅವನು ಪಿಳಿಪಿಳಿ ಕಣ್ಣು ಬಿಟ್ಟನಂತೆ.

ಹನ್ನೊಂದು ವರ್ಷಗಳಿಂದ ನನ್ನ ಕನ್ನಡಕದ ನಂಬರನ್ನು ಏರಿಸುತ್ತ ಬಂದವರು ಅವರು. ಮಾಸಿದ ನೀಲಿ ಕೋಟು, ಅದರ ಜೇಬಿನಲ್ಲಿ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳು. ನೆಲದಲ್ಲೆಲ್ಲೋ ಸ್ಕ್ರೂ ಬಿದ್ದಿದೆ ಎಂಬಂತೆ ಬೀದಿಯಲ್ಲೂ ತಲೆ ತಗ್ಗಿಸಿಯೇ ನಡೆಯುವ ನಡಿಗೆ. ಎಲ್ಲೆಡೆಯೂ ಒಂದೇ ವಿಳಾಸ ಕೊಟ್ಟು ದಿನಕ್ಕೆ ನೂರು ಜಾಹೀರಾತು ತಿನ್ನುವ ನನ್ನನ್ನು ಕಂಡರೆ ಅವರಿಗೆ ತಮಾಷೆ. "ನಿಮ್ದು ಮೇಲ್ ಅಲ್ಲ, ಸಂತೆ" ಎನ್ನುತ್ತಾರೆ.

ಈ ಎಚ್ಚರದ ಹಿಂದೊಂದು ಗಾಯವಿತ್ತು. ಅಂಗಡಿಯನ್ನು ಅವರು ತಮ್ಮನ ಜೊತೆ ನಡೆಸುತ್ತಿದ್ದ ಕಾಲದಲ್ಲಿ, ಲೆನ್ಸ್ ಕಂಪನಿಯ ಏಜೆಂಟನ ಸವಿಮಾತಿಗೆ ಮರುಳಾಗಿ ಆ ತಮ್ಮ ಗಿರಾಕಿಗಳೆಲ್ಲರ ವಿಳಾಸದ ಪಟ್ಟಿಯನ್ನೇ ಕೊಟ್ಟುಬಿಟ್ಟ. ನಂಬಿ ಬಂದವರಿಗೆಲ್ಲ ಜಾಹೀರಾತುಗಳ ಕಾಟ ಶುರುವಾಯಿತು. ಅಕ್ಕ ಅಂಗಡಿ ತುಂಬ ಜನರಿರುವಾಗಲೇ ಅವನನ್ನು "ದ್ರೋಹಿ" ಎಂದರು. ಅವನು ಕೈಲಿದ್ದ ಫ್ರೇಮನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ. ವಾರ ಕಳೆದು ಅಕ್ಕ ಅವನಿಗೆಂದೇ ಒಂದು ವಿಳಾಸ ಮಾಡಿ, ಅದರಿಂದ 'ಬಾರೋ' ಎಂದಷ್ಟೇ ಬರೆದರು. ನಾಲ್ಕು ವರ್ಷ ಉತ್ತರವಿರಲಿಲ್ಲ. ಇನ್ನೊಮ್ಮೆ ಕರೆಯಲು ಅಭಿಮಾನ ಬಿಡಲಿಲ್ಲ.

ಮೊನ್ನೆ ನನ್ನ ಕನ್ನಡಕದ ಕಾಲು ಬಿಗಿಸುತ್ತಿದ್ದಾಗ ಅವರ ಫೋನು ಸದ್ದು ಮಾಡಿತು. ಆ ವಿಳಾಸಕ್ಕೆ ತಮ್ಮನ ಮೇಲ್‌ನಿಂದಲೇ ಬಂದ ಪತ್ರ, ಓದಿ ಹೇಳಿದರು: ಹದಿನೈದು ದಿನಗಳಲ್ಲಿ ಬೊಕ್ಕತಲೆಯಲ್ಲಿ ಕೂದಲು!

"ಮುಚ್ಚಿಬಿಡಿ, ಕಸ" ಎಂದೆ.

"ಅಯ್ಯೋ, ಸುಮ್ನಿರಿ! ಅವನ ಮೇಲ್‌ಗೆ ಯಾವನೋ ಕನ್ನ ಹಾಕಿ, ಅದರಲ್ಲಿರೋ ವಿಳಾಸಕ್ಕೆಲ್ಲ ಕಳಿಸಿದಾನೆ. ಅಂದ್ರೆ ನಂದು ಅವನ ಹತ್ರ ಇನ್ನೂ ಇದೆ. ಅಳಿಸಿಲ್ಲ ಅವನು!"

ಕೈಯಲ್ಲಿ ನನ್ನ ಕನ್ನಡಕವಿದ್ದುದರಿಂದ ಫೋನನ್ನು ಗಾಜಿನ ಮೇಜಿನ ಮೇಲಿಟ್ಟು, ಸ್ಪೀಕರ್ ಒತ್ತಿ, ತಮ್ಮನಿಗೆ ಕರೆ ಮಾಡಿದರು. ಕನ್ನಡಕವಿಲ್ಲದ ನನಗೆ ಅವರ ಮುಖ ಮಸುಕಾಗಿತ್ತು.

"ನಿನ್ನ ಮೇಲ್ ಯಾರೋ ಕದ್ದಿದಾರೆ ಕಣೋ. ಮೊದ್ಲು ಪಾಸ್‌ವರ್ಡ್ ಬದಲಾಯಿಸು."

ಆ ಕಡೆಯಿಂದ ತಮ್ಮ ಕೇಳಿದ: "ನಿಂಗೆ ಹೇಗೆ ಗೊತ್ತಾಯ್ತು?"

"ನಿಂಗೊಬ್ಬನಿಗೇ ಕೊಟ್ಟಿದ್ದ ವಿಳಾಸಕ್ಕೆ ಬಂತು."

"ಅದನ್ನ ಇನ್ನೂ ಮುಚ್ಚಿಲ್ವಾ, ಅಕ್ಕಾ?"

ಅಕ್ಕ ಫೋನಿನತ್ತ ಬಾಗಿದರು. "ಅವತ್ತು ಎಲ್ಲರೆದುರು ಹಾಗನ್ನಬಾರದಿತ್ತು ಕಣೋ" ಎಂದರು. ಭಾನುವಾರ ಬರುತ್ತೇನೆ ಎಂದ ಅವನು.

ಇಂಥ ಗುಟ್ಟಿನ ಮನುಷ್ಯರನ್ನು ಬಿಗುಮಾನದವರೆಂದು, ಸಂಶಯದ ಪಿಶಾಚಿಗಳೆಂದು ನಾವು ಸುಲಭವಾಗಿ ಕರೆದುಬಿಡುತ್ತೇವೆ. ಆದರೆ ತಮ್ಮನ್ನು ಕಂಡಕಂಡವರಿಗೆಲ್ಲ ಹಂಚಿಕೊಳ್ಳದವರು ಯಾರಿಗೆ ಏನು ಕೊಟ್ಟೆವೆಂಬುದನ್ನು ಮರೆಯುವವರೂ ಅಲ್ಲ. ಅವರ ಬಳಿಗೆ ಬಂದ ಕಸ ಕೂಡ ಯಾರ ಕಡೆಯಿಂದ ಬಂತೆಂದು ಹೇಳಿಯೇ ಬರುತ್ತದೆ. ಎಲ್ಲರಿಗೂ ಒಂದೇ ಬಾಗಿಲು ತೆರೆದಿಟ್ಟ ನನ್ನಂಥವರ ವಿಳಾಸವನ್ನು ಮುನಿದ ತಮ್ಮನೊಬ್ಬ ಇನ್ನೂ ಜೋಪಾನವಾಗಿಟ್ಟುಕೊಂಡಿದ್ದರೂ ನಮಗೆ ಗೊತ್ತಾಗುವುದೇ ಇಲ್ಲ.